ಅವಳು ಉಸಿರೆಳೆಯುವಾಗ

ಭಾನುವಾರ ಚರ್ಚಿನ ಹಾಡಿನ ಪ್ರಾಕ್ಟೀಸಿಗೆ ಬಂದ ತನುಜಾ ನೋಡುತ್ತಾಳೆ, ಪಕ್ಕದ ಕುರ್ಚಿಯಲ್ಲಿ ವಿಜಯಕುಮಾರ್ ಇಲ್ಲ! ಸಾಲಿನ ಆ ತುದಿಗೆ ಹೋಗಿ ಕೂತು, ಹಾಡಿನ ಹಾಳೆಯೊಳಗೆ ಮುಖ ಹುದುಗಿಸಿದ್ದಾನೆ.

"ಅವರೇ ಜಾಗ ಬದಲಾಯಿಸಿ ಅಂತ ಕೇಳಿದ್ರಮ್ಮ," ಎಂದರು ಹಾಡು ಕಲಿಸುವ ಚಿನ್ನಮ್ಮ ಮಿಸ್.

ತನುಜಾ ತನ್ನ ಹಾಳೆ ತೆಗೆದು ಖಾಲಿ ಕುರ್ಚಿಯ ಪಕ್ಕ ಕೂತಳು.

ಅವಳದು ದಪ್ಪ ಧ್ವನಿ. ಗ್ಯಾಸ್ ಏಜೆನ್ಸಿಯಲ್ಲಿ ಫೋನ್ ಎತ್ತಿದರೆ ಆ ಕಡೆಯವರು "ಸಾರ್" ಎನ್ನುತ್ತಿದ್ದರು. ಆಲ್ಕೊಳದ ಅವಳ ಮನೆಗೆ ಹೆಣ್ಣು ನೋಡಲು ಬಂದವರು ಅವಳು ಬಾಯಿ ಬಿಡುತ್ತಲೇ ಮುಖ ಮುಖ ನೋಡಿಕೊಂಡು ಎದ್ದಿದ್ದರು. ಅಂದಿನಿಂದ ಪಾಪದ ಹುಡುಗಿ ಪಿಸುಮಾತಿನಲ್ಲೇ ಕಾಲ ಹಾಕುತ್ತಿದ್ದಳು. ಆ ಧ್ವನಿಗೆ ಬೆಲೆ ಇದ್ದದ್ದು ಶಿವಮೊಗ್ಗದ ಈ ಚರ್ಚಿನಲ್ಲಿ ಮಾತ್ರ. ಕ್ರಿಸ್‌ಮಸ್‌ಗೆಂದು ಅಲ್ಲಿ ಕಲಿಯುತ್ತಿದ್ದದ್ದು ಬರೋಕ್ ಕಾಲದಲ್ಲಿ, ಅಂದರೆ ಮುನ್ನೂರು ವರ್ಷದ ಹಿಂದೆ, ಯುರೋಪಿನಲ್ಲಿ ಯಾರೋ ಚರ್ಚಿನ ಬಲಿಪೂಜೆಗೆ, ಅಂದರೆ ಮಾಸ್‌ಗೆ, ಕಟ್ಟಿದ ದೊಡ್ಡ ಹಾಡು. ಗಂಡಸರು ಹಾಡುವ ಟೆನರ್ ಭಾಗದ ಗುಂಪಿಗೆ ಜನ ಸಾಲದೆ, ಯಾವ ಜಾತಿಯವರಾದರೂ ಸರಿ, ಹಾಡು ಬಂದರೆ ಸಾಕು ಎಂದು ಮಿಸ್ ಅವಳನ್ನು ಕರೆದು, ಭದ್ರಾವತಿಯಲ್ಲಿ ಲೇತ್ ವರ್ಕ್‌ಶಾಪ್ ಇಟ್ಟಿದ್ದ ವಿಜಯಕುಮಾರನ ಪಕ್ಕ ಕೂರಿಸಿದ್ದರು. ಗುಂಪಿನಲ್ಲಿ ಗಟ್ಟಿಯಾಗಿ ಹಾಡುವವರು ಅವರಿಬ್ಬರೇ.

ಆ ಹಾಡಿನ ಸಾಲುಗಳೋ, ಮುಗಿಯುವುದೇ ಇಲ್ಲ. ಇಬ್ಬರೂ ಒಟ್ಟಿಗೆ ಉಸಿರೆಳೆದರೆ ಹಾಡು ಕಡಿದುಹೋಗುತ್ತದೆ. ಒಬ್ಬರು ಎಳೆಯುವಾಗ ಇನ್ನೊಬ್ಬರು ಸ್ವರ ಹಿಡಿದಿರಬೇಕು.

"ನೀವು ಮೊದ್ಲು ಎಳ್ಕೊಳ್ಳಿ, ನಾನು ಹಿಡ್ಕೊಂಡಿರ್ತೀನಿ," ಎಂದಿದ್ದ ಅವನು, ಕಣ್ಣಲ್ಲೇ ನಗುತ್ತಾ. ಅಷ್ಟಕ್ಕೇ ಅವಳು ಏನೇನೋ ಕನಸು ಕಟ್ಟಿಕೊಂಡಿದ್ದಳು.

ಈಗ ಇವನಿಗೂ ತನ್ನ ಧ್ವನಿ ಬೇಡವಾಯಿತೇ? ಕೇಳಿಬಿಡೋಣವೆಂದರೆ ಬಾಯಿ ಬರಲಿಲ್ಲ. ಕ್ರಿಸ್‌ಮಸ್ ಮುಗಿದ ಮೇಲೆ ಹಾಡುವುದನ್ನೇ ಬಿಟ್ಟುಬಿಡುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡಳು.

ಕ್ರಿಸ್‌ಮಸ್ ಸಂಜೆ ಚರ್ಚು ತುಂಬಿತ್ತು. ಹಾಡಿನ ಕೊನೆಯ ಭಾಗ ಬಂತು, ದೇವರಲ್ಲಿ ಶಾಂತಿ ಬೇಡುವ ಭಾಗ. ಇದೇ ಕೊನೆ ಎಂದುಕೊಂಡದ್ದೇ ತಡ, ತನುಜಾಳ ಸ್ವರ ನಿಂತೇಹೋಯಿತು.

ಆದರೆ ಹಾಡು ಕಡಿಯಲಿಲ್ಲ. ಸಾಲಿನ ಆ ತುದಿಯಿಂದ ವಿಜಯಕುಮಾರನ ಧ್ವನಿ ಏರಿ ಬಂದು ಅವಳ ಸ್ವರವನ್ನು ಹಿಡಿದುಕೊಂಡಿತು. ಅವನೂ ಉಸಿರೆಳೆಯಬೇಕಾಗಿದ್ದ ಜಾಗ ಅದು, ಎಳೆಯಲಿಲ್ಲ. ಮುಖ ಕೆಂಪಾಗಿತ್ತು, ಕಣ್ಣು ಅವಳ ಮೇಲೇ ಇತ್ತು. ತನುಜಾ ನಿಧಾನವಾಗಿ ಎದೆ ತುಂಬ ಉಸಿರೆಳೆದು ಮತ್ತೆ ಸೇರಿಕೊಂಡಳು. ಈಗ ನೀವು ಎಂಬಂತೆ ತಲೆ ಆಡಿಸಿದಳು.

ಮುಗಿದ ಮೇಲೆ ಅಂಗಳದಲ್ಲಿ ಬಾಲಯೇಸುವನ್ನು ಮಲಗಿಸಿದ್ದ ಗೋದಲಿಯ ಹತ್ತಿರ ಅವಳೇ ಅವನನ್ನು ತಡೆದಳು.

"ಅಷ್ಟು ದೂರದಲ್ಲಿ ನಾನು ನಿಲ್ಸಿದ್ದು ಹೇಗ್ ಗೊತ್ತಾಯ್ತು?"

"ಇಷ್ಟ್ ಜನ ಹಾಡಿದ್ರೂ ನನಗೆ ಕೇಳೋದು ಒಂದೇ ಧ್ವನಿ."

"ಮತ್ತೆ ಎದ್ದು ಹೋಗಿದ್ದು?"

"ಪಕ್ಕದಲ್ಲಿದ್ರೆ ನಿಮ್ಮನ್ನ ಕೇಳ್ತಾ ಕೂತ್ಬಿಡ್ತೀನಿ. ನನ್ ಭಾಗ ಹಾಡೋದೇ ಮರ್ತೋಗುತ್ತೆ. ಮಿಸ್ ಹತ್ರ ಎಷ್ಟು ಅಂತ ಬೈಸ್ಕೊಳ್ಳಿ?"

"ಒಂದ್ ಮಾತು ಹೇಳ್ಬಾರ್ದಿತ್ತಾ ಮಾರಾಯ್ರೇ! ನನ್ ಧ್ವನಿ ಬೇಡ ಅಂತ ಹೋದ್ರಿ ಅಂದ್ಕೊಂಡೆ."

"ಭದ್ರಾವತಿ ಬಸ್ಸಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸ್ಕೊಂಡು ಬರ್ತಿದ್ದೆ. ನಿಮ್ಮನ್ನ ನೋಡಿದ್ರೆ ಎಲ್ಲಾ ಹೋಯ್ತು."

"ಈಗ ಹೇಳಿ."

ಅವನು ಒಮ್ಮೆ ಉಸಿರೆಳೆದುಕೊಂಡ. "ಈ ಧ್ವನಿ ನಮ್ಮನೇಲಿ ದಿನಾ ಕೇಳ್ಬೇಕು ಅನ್ಸುತ್ತೆ. ಬರ್ತೀರಾ?"

"ಬರ್ತೀನಿ," ಎಂದಳು ತನುಜಾ.

ಅಂಗಳದ ಜನವೆಲ್ಲ ತಿರುಗಿ ನೋಡಿದರು. ಅವಳು ಧ್ವನಿ ತಗ್ಗಿಸಲಿಲ್ಲ. "ಮನೇಲಿ ಹೇಳಿ ಬರ್ತೀನಿ," ಎಂದಳು ಇನ್ನೂ ಗಟ್ಟಿಯಾಗಿ.