ಅರ್ಧ ಕಿಲೋ ಹೆಚ್ಚಿನ ಗ್ಯಾಸು

ಓವೆಲಿಯೊ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ಬಂದ. ಬೆಳಗಿನ ಹತ್ತಕ್ಕೇ ಮರಕೈಬೊ ನಗರ ಕಾದ ಕಾವಲಿಯಾಗಿತ್ತು. ಬಾಡಿಗೆ ಕಾರುಗಳ ಸ್ಟ್ಯಾಂಡಿನಲ್ಲಿ ಜನರನ್ನು ಕೂಗಿ ಕಾರು ತುಂಬಿಸುವುದು ಅವನ ಕೆಲಸ. ಮೇಲ್ಮಹಡಿಯ ಎದಿಕ್ತಾ ಒಗಟು ಬಿಡಿಸುವಾಗ ಪಕ್ಕದಲ್ಲಿರುವುದು ಅವನ ಹುಚ್ಚು. ಮೂವತ್ತು ವರ್ಷ ಕರೆಂಟ್ ಮೀಟರ್ ಓದಿ ನಿವೃತ್ತಳಾದ ಎದಿಕ್ತಾಳ ಕಣ್ಣಿಗೆ ಮಣ್ಣೆರಚಿದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ.

"ಅಕ್ಕಾ, ಸಿರೊನ ಡಾರ್ಟ್ ಕಾರಿನ ಏಸಿ ಸತ್ತೋಯ್ತು! ಕಂಪ್ರೆಸರ್ ಜಾಮ್. ಎಲ್ರೂ ಮಾರಿಯೆಲ್ಬಿ ಮೇಲೆ ಬಿದ್ದಿದಾರೆ. ಹನ್ನೆರಡಕ್ಕೆ ಮೀಟಿಂಗು, ಅವಳನ್ನ ಗ್ಯಾರೇಜಿಂದ ಓಡಿಸ್ತಾರಂತೆ."

ಗ್ಯಾರೇಜಿನ ಮೆಕ್ಯಾನಿಕ್ ಮಾರಿಯೆಲ್ಬಿ ಜ್ಞಾನಸ್ನಾನದ ದಿನ ಅವನೇ ಎತ್ತಿಕೊಂಡಿದ್ದ ಮಗು. ತಂಪು ಮಾಡುವ ಹಳೆಯ ಗ್ಯಾಸು ಸಿಗದಂತಾದ ಮೇಲೆ ಸ್ಟ್ಯಾಂಡಿನ ಕಾರುಗಳ ಏಸಿಯನ್ನು ಹೊಸ ಗ್ಯಾಸಿಗೆ ಬದಲಿಸಲು ಒಪ್ಪಿಕೊಂಡವಳು ಅವಳೊಬ್ಬಳೇ. ಡಾರ್ಟ್ ಮೊದಲನೆಯದು.

ಇಬ್ಬರೂ ಹೋದಾಗ ಗ್ಯಾರೇಜಿನ ಶೆಡ್ಡಿನಲ್ಲಿ ಅವಳು ಗೋಡೆಗೊರಗಿ ನಿಂತಿದ್ದಳು. ಗ್ಯಾರೇಜಿನ ಹಳೇ ಮೆಕ್ಯಾನಿಕ್ ನೆಕ್ತಾರಿಯೊ ಮೇಸ್ತ್ರಿ ಸೆಂಟು ಹಾಕಿದ ಕರವಸ್ತ್ರದಿಂದ ಕತ್ತು ಒರೆಸಿ, ಮತ್ತೆ ಮಡಚಿ ಜೇಬಿಗಿಟ್ಟುಕೊಂಡರು.

"ನಾನೇ ಕಲಿಸಿದ ಹುಡುಗಿ. ಆದ್ರೂ ಹೇಳ್ಲೇಬೇಕು, ಗ್ಯಾಸು ಕಮ್ಮಿ ಹಾಕಿದ್ಲು. ಏಸಿ ಕೊಳವೆ ಗಾಜಲ್ಲಿ ಗುಳ್ಳೆ ಗುಳ್ಳೆ ಓಡ್ತಿತ್ತು."

"ಸಿರೊ, ಬೀಸಣಿಗೆ ತಗೊಳ್ಳೋ!" ಪಕ್ಕದ ಕಾರಿನ ಚಾಲಕ ಎಲ್ಬಾನೊ ಹಲ್ಲು ಕಿರಿದ. "ನಿನ್ನ ಗಿರಾಕಿಗಳೆಲ್ಲ ಇನ್ನು ನನ್ನೋರೇ."

"ಇವನದೇ ಕೆಲ್ಸ!" ಎಂದು ಸಿರೊ ಹಾರಿಬಿದ್ದ. "ಶುಕ್ರವಾರ ಮಾರಿಯೆಲ್ಬಿ ಮುಗಿಸಿದ್ಲು. ನಾನು ಬಾನೆಟ್ ಮುಟ್ಲಿಲ್ಲ. ಭಾನುವಾರ ಕಾರು ಇಲ್ಲೇ ಇತ್ತು, ಕೀಲಿ ಎಲ್ರ ಕೈಗೂ ಸಿಗೋ ಹಾಗೆ ಗೋಡೆ ಮೊಳೇಲಿ. ಸೋಮವಾರ ಸೇತುವೆ ಮೇಲೆ ಏಸಿ ಕಿರ್ ಅಂತ ನಿಂತೋಯ್ತು."

ಎದಿಕ್ತಾ ಬಾನೆಟ್ ಎತ್ತಿಸಿದಳು. ಒಳಗೆಲ್ಲ ಧೂಳು, ಜಿಡ್ಡು. ಒಳಗಿನ ಗ್ಯಾಸು ಕಾಣಲೆಂದು ಏಸಿ ಕೊಳವೆಯ ಮೇಲಿಟ್ಟಿದ್ದ ನಾಣ್ಯದಗಲದ ಗಾಜು ಮಾತ್ರ ಫಳಫಳ ಹೊಳೆಯುತ್ತಿತ್ತು.

"ಇದನ್ನ ನೀನು ಒರೆಸಿದೆಯಾ ಮಗಳೇ?"

"ಇಲ್ಲಮ್ಮ. ನಾನು ತೂಕ ನೋಡಿ ಹಾಕೋದು. ಸರಿಯಾಗಿ ಒಂದು ಕಿಲೋ."

"ಒಳಗಿರೋ ಗ್ಯಾಸನ್ನ ಹೊರಗೆಳೆದು ತೂಗು."

ಓವೆಲಿಯೊ ಶತಪಥ ಹಾಕಿದ. ಗಡಿಯಾರ ನೋಡಿದ, ಹೊರಗೆ ಹೋದ, ಮತ್ತೆ ಬಂದ. ಕೊನೆಗೆ ತಕ್ಕಡಿಯ ಮುಳ್ಳು ಒಂದೂವರೆ ಕಿಲೋ ತೋರಿಸಿತು. ಅವನು ಎಲ್ಬಾನೊನ ಕೊರಳಪಟ್ಟಿಗೆ ಕೈ ಹಾಕಲು ನುಗ್ಗಿದ. ಎದಿಕ್ತಾ ಅವನ ತೋಳು ಹಿಡಿದಳು.

ಹನ್ನೆರಡಕ್ಕೆ ಚಾಲಕರೆಲ್ಲ ನೆರೆದರು.

"ಗ್ಯಾಸು ಕಮ್ಮಿಯಾಗಿರ್ಲಿಲ್ಲ, ಅರ್ಧ ಕಿಲೋ ಜಾಸ್ತಿಯಾಗಿತ್ತು," ಎಂದಳು ಎದಿಕ್ತಾ. "ಆ ಒತ್ತಡಕ್ಕೇ ಕಂಪ್ರೆಸರ್ ಸತ್ತಿದ್ದು. ಕೇಡು ಮಾಡೋನು ಇರೋ ಗ್ಯಾಸನ್ನ ಹೊರಗೆ ಬಿಡ್ತಾನೆ, ತನ್ನ ಕೈಯಿಂದ ದುಡ್ಡು ಹಾಕಿ ತಂದು ತುಂಬೋದಿಲ್ಲ. ಹಾಗಾಗಿ ಎಲ್ಬಾನೊ ಅಲ್ಲ. ತುಂಬಿದೋರು ಕಾರಿಗೆ ಒಳ್ಳೇದನ್ನೇ ಬಯಸಿದೋರು. ಮೊದಲು ಗಾಜು ಒರೆಸಿ ನೋಡಿದಾರೆ. ಹಳೇ ಗ್ಯಾಸಿನಲ್ಲಿ ಗುಳ್ಳೆ ಕಂಡ್ರೆ ಕಮ್ಮಿ ಅಂತ ಅರ್ಥ, ಗುಳ್ಳೆ ಹೋಗೋವರೆಗೂ ತುಂಬಬೇಕು. ಹೊಸ ಗ್ಯಾಸು ಸರಿಯಾಗಿದ್ರೂ ಗುಳ್ಳೆ ಬರುತ್ತೆ, ಮಾರಿಯೆಲ್ಬಿ ಈಗ ಹೇಳಿದ್ಲು. ಆ ಗುಳ್ಳೆ ಕಾಣೋದು ಏಸಿ ಓಡ್ತಿರುವಾಗ ಮಾತ್ರ, ಸತ್ತ ಮೇಲಲ್ಲ. ಮೇಸ್ತ್ರಿ, ಬೆಳಿಗ್ಗೆ ನೀವು ಗುಳ್ಳೆ ಓಡ್ತಿತ್ತು ಅಂದ್ರಲ್ಲ, ಯಾವಾಗ ನೋಡಿದ್ರಿ?"

ಮೇಸ್ತ್ರಿಯ ಕೈ ಜೇಬಿನ ಕರವಸ್ತ್ರದತ್ತ ಹೋಯಿತು.

"ಆ ಕರವಸ್ತ್ರ ಸ್ವಲ್ಪ ಬಿಡಿಸ್ತೀರಾ?"

ಮುದುಕರು ಬಿಡಿಸಿದರು. ಒಳಮಡಿಕೆಯಲ್ಲಿ ನಾಣ್ಯದಗಲದ ಜಿಡ್ಡಿನ ಗುರುತಿತ್ತು.

"ಭಾನುವಾರ ಬಂದು ಎರಡು ಡಬ್ಬಿ ತುಂಬಿದೆ," ಎಂದರು. "ಹುಡುಗಿ ಮರ್ಯಾದೆ ಉಳೀಲಿ ಅಂತ. ಕೆಟ್ಟುಹೋದ ಮೇಲೂ ಅವಳು ಹಾಕಿದ್ದೇ ಕಮ್ಮಿ ಅಂದ್ಕೊಂಡೆ. ನಲವತ್ತು ವರ್ಷ ಈ ಕಣ್ಣೇ ನಂಗೆ ಅನ್ನ ಹಾಕಿದ್ದು." ಆಮೇಲೆ ಮಾರಿಯೆಲ್ಬಿಯತ್ತ ತಿರುಗಿದರು. "ಗುಳ್ಳೆ ನಂಬಬಾರ್ದು ಅಂತ ನಂಗ್ಯಾಕೆ ಹೇಳ್ಲಿಲ್ಲ?"

"ನಿಮಗೆ ನಾನು ಹೇಳೋದಾ ಮೇಸ್ತ್ರಿ?" ಎಂದಳು ಅವಳು.

ಓವೆಲಿಯೊನ ಕೋಪ ಇಳಿಯಿತು. ಅವಳನ್ನು ಓಡಿಸುವ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.

ಮೇಸ್ತ್ರಿ ಕರಿ ಟೇಪಿನ ತುಂಡು ಹರಿದು, ಹೊಳೆಯುತ್ತಿದ್ದ ಆ ಗಾಜಿನ ಮೇಲೆ ತಾವೇ ಅಂಟಿಸಿ ಬೆರಳಿನಿಂದ ಒತ್ತಿದರು. ಆಮೇಲೆ ಅವಳ ತಕ್ಕಡಿಯ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಈಗ ಹೇಳು ಮಗಳೇ, ಎಲ್ಲಿ ನೋಡ್ಬೇಕು?"