ಮೂವರಿಗಷ್ಟೇ ಗೊತ್ತಿದ್ದ ಕಾಯಿಲೆ

2025ರ ಮಾರ್ಚ್ 6, ಗುರುವಾರ ಬೆಳಿಗ್ಗೆ 10.40ಕ್ಕೆ ಸತ್ಯವ್ವ ಖಾನಾಪುರ ಠಾಣೆಗೆ ಬಂದರು. ಮೂರು ದಿನಗಳ ಹಿಂದೆ ಅವರ ಮಗಳು ತ್ರಿವೇಣಿ ಹೊಲದ ಬಾವಿಯಲ್ಲಿ ಮುಳುಗಿ ಸತ್ತಿದ್ದಳು. ವಯಸ್ಸು ಇಪ್ಪತ್ನಾಲ್ಕು, ಪಾರಿಶ್ವಾಡದ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ. ಮೆಟ್ಟಿಲ ಮೇಲೆ ಬಟ್ಟೆ ಒಗೆಯುವಾಗ ಮೂರ್ಛೆ ಬಂದು ನೀರಿಗೆ ಬಿದ್ದಿರಬೇಕೆಂದು ಪಂಚನಾಮೆ ಹೇಳುತ್ತಿತ್ತು. ಅಸಹಜ ಸಾವಿನ ಪ್ರಕರಣ ದಾಖಲಾಗಿತ್ತು.

ಇನ್‌ಸ್ಪೆಕ್ಟರ್ ಚನ್ನಬಸಯ್ಯ ಕುರ್ಚಿ ತೋರಿಸಿದರು.

"ಕುಂದರ್ರಿ ಅವ್ವಾರ. ಯಾರ ಮ್ಯಾಲರೆ ಸಂಶಯ ಐತೇನು?"

"ಬಾವಿಗಿ ಯಾರೂ ದೂಡಿಲ್ರಿ ಸಾಹೇಬ್ರ. ಆಕಿ ಗುಳಿಗಿ ಬಿಟ್ಟಿದ್ದಳು. ಬಿಡೂಹಂಗ ಮಾಡಿದವರು ಯಾರು ಅಂತ ಕೇಳಾಕ ಬಂದೇನಿ."

ಹಿಂಡಲಗಾದ ಬೀರೇಶನೊಂದಿಗೆ ತ್ರಿವೇಣಿಯ ಮದುವೆ ಗೊತ್ತಾಗಿತ್ತು. ಮದುವೆ ಜಾಲತಾಣವೊಂದರಲ್ಲಿ ಕೂಡಿಬಂದ ಸಂಬಂಧ. ಫೆಬ್ರುವರಿ 11ರಂದು ಬೀರೇಶನ ತಂದೆಯ ಫೋನಿಗೆ ಯಾರೋ ಒಂದು ಸಂದೇಶ ಕಳಿಸಿದರು. 14ಕ್ಕೆ ಮದುವೆ ಮುರಿಯಿತು.

"ಆಕಿಗಿ ಮೂರ್ಛಿ ಬರ್ತೈತಿ ಅಂತ ಮೂರು ಮಂದಿಗಷ್ಟ ಗೊತ್ತಿತ್ರಿ. ಆಕಿಗಿ, ನನಗ, ಡಾಕ್ಟರಿಗೆ. ಒಂಬತ್ತು ವರ್ಷ ಬಾಜು ಮನಿಯವರಿಗೂ ತಿಳಿಯಗೊಟ್ಟಿರಲಿಲ್ಲ," ಎಂದರು ಸತ್ಯವ್ವ. "ಮದಿವಿ ಮುರದ ಮ್ಯಾಲೆ, ನಾ ರೋಗಿ ಅಲ್ಲ ಯವ್ವಾ, ಗುಳಿಗಿ ಇಲ್ಲದ ಇದ್ದು ತೋರಸ್ತೇನಿ ಅಂದ್ಲು. ಹದಿನೇಳು ದಿನ ಇದ್ದಳ್ರಿ."

ಚನ್ನಬಸಯ್ಯ ದೂರು ಬರೆಸಿಕೊಂಡರು.

ಮಧ್ಯಾಹ್ನ ಅವರು ಕಾನ್‌ಸ್ಟೆಬಲ್ ಸೃಷ್ಟಿಯೊಡನೆ ಹಿಂಡಲಗಾಕ್ಕೆ ಹೋದರು. ಬೀರೇಶನ ತಂದೆ ಸಿದರಾಯ ನಿವೃತ್ತ ಬಸ್ ಕಂಡಕ್ಟರ್. ಸಂದೇಶವನ್ನು ಅಳಿಸಿರಲಿಲ್ಲ. "ನಿಮ್ಮ ಸೊಸೆಯಾಗುವವಳಿಗೆ ಮೂರ್ಛೆರೋಗವಿದೆ. ಒಂಬತ್ತು ವರ್ಷದಿಂದ ಮಾತ್ರೆ ನುಂಗುತ್ತಿದ್ದಾಳೆ. ಮಗನ ಜೀವ ಉಳಿಸಿಕೊಳ್ಳಿ."

"ಯಾರು ಕಳಿಸಿದ್ರು ಅಂತ ವಿಚಾರಿಸಿದ್ರೇನು?"

"ಖರೇ ಇತ್ತಲ್ರಿ. ಯಾರಾದ್ರೇನು?"

ಬಾಗಿಲಲ್ಲಿ ನಿಂತಿದ್ದ ಬೀರೇಶ ತಲೆ ಎತ್ತಲಿಲ್ಲ.

ತ್ರಿವೇಣಿಯ ವೈದ್ಯರನ್ನೂ ವಿಚಾರಿಸಿದರು; ಅವರು ಯಾರಿಗೂ ಹೇಳಿರಲಿಲ್ಲ. ಮಾರ್ಚ್ 7ರ ಸಂಜೆ ಸೃಷ್ಟಿ ತ್ರಿವೇಣಿಯ ಫೋನನ್ನು ಮೇಜಿನ ಮೇಲಿಟ್ಟು ಸಂದೇಶಗಳನ್ನು ಓದುತ್ತಿದ್ದಾಗ ಗಂಟೆ ಎಂಟಾಯಿತು. ಫೋನು ಸಣ್ಣಗೆ ಸದ್ದು ಮಾಡಿತು. "ತ್ರಿವೇಣಿ, ಗುಳಿಗೆ ತೆಗೆದುಕೊಂಡಿರಾ?"

ಸೃಷ್ಟಿ ಬೆಚ್ಚಿದಳು. ಗುಳಿಗೆ ನೆನಪಿಸುವ ಆಪ್ ಅದು. ಕಾಯಿಲೆಯ ಹೆಸರು, ಗುಳಿಗೆಯ ಹೆಸರು, ಶುರುವಾದ ವರ್ಷ, ಎಲ್ಲವನ್ನೂ ತ್ರಿವೇಣಿಯೇ ತುಂಬಿದ್ದಳು. ಆಪ್‌ನ ಖಾಸಗಿತನದ ನೀತಿ ಇಂಗ್ಲಿಷಿನಲ್ಲಿ ನಲವತ್ತೊಂದು ಪುಟವಿತ್ತು. ಅದನ್ನು ಓದಿ ಮುಗಿಸಲು ಸೃಷ್ಟಿಗೆ ಮರುದಿನ ಮಧ್ಯಾಹ್ನವಾಯಿತು.

"ಕನ್ನಡದಾಗ ಹೇಳವಾ," ಎಂದರು ಚನ್ನಬಸಯ್ಯ.

"ನೀವು ಕೊಟ್ಟ ಮಾಹಿತಿ ನಮ್ಮ ಸಮೂಹದ ಬ್ಯಾರೆ ಸಂಸ್ಥೆಗಳಿಗೂ ಕೊಡ್ತೀವಿ ಅಂತ ಇಪ್ಪತ್ತಾರನೇ ಪುಟದಾಗ ಐತ್ರಿ ಸರ್. ಆ ಸಂಸ್ಥೆ ಯಾವು ಅಂತ ಕೊನೀ ಪುಟದಾಗ. ಅದರಾಗ ಒಂದು ಮದಿವಿ ಜಾಲತಾಣ. ತ್ರಿವೇಣಿ ಹೆಸರು ಹಚ್ಚಿದ್ದು ಅದರಾಗನ. ಫೋನ್ ನಂಬರ್ ಎರಡಕ್ಕೂ ಒಂದ."

"ಆಕಿ ಇದನ್ನ ಓದಿದ್ದಳೇನು?"

"ಆಪ್ ಹಾಕ್ಕೊಂಡದ್ದು 7.12ಕ್ಕ, ಒಪ್ಪಿಗಿ ಒತ್ತಿದ್ದು 7.13ಕ್ಕ ರೀ."

ಮಾರ್ಚ್ 10ರಂದು ಸಂದೇಶ ಬಂದ ನಂಬರಿನ ವಿವರ ಸಿಕ್ಕಿತು. ಸಿಮ್ ಗಂಗಾಂಬಿಕಾ ಎಂಬ ಹೆಸರಿನಲ್ಲಿತ್ತು, ವಿಳಾಸ ಬೆಳಗಾವಿಯ ಕೋಟೆಯ ಹತ್ತಿರ. ಒಂದೂವರೆ ವರ್ಷದಲ್ಲಿ ಆ ನಂಬರಿನಿಂದ ಹನ್ನೆರಡು ಮನೆಗಳಿಗೆ ಸಂದೇಶ ಹೋಗಿತ್ತು. ಬೇರೆ ಯಾವ ಕರೆಯೂ ಇಲ್ಲ.

ಆ ವಿಳಾಸದಲ್ಲಿ ಬಾಗಿಲು ತೆರೆದವರು ಗಂಗಾಂಬಿಕಾಳ ತಾಯಿ ಸಂಗವ್ವ.

"ಗಂಗಾ ತೀರಿಕೊಂಡು ನಾಕು ವರ್ಷ ಆತ್ರಿ."

"ಮನ್ಯಾಗ ಮತ್ತ ಯಾರದಾರ?"

"ಸಣ್ಣಾಕಿ, ಸಾಕ್ಷಿ. ಮದಿವಿ ಕೂಡಸೂ ಕಂಪನ್ಯಾಗ ಫೋನ್ ಮ್ಯಾಲೆ ಮಾತಾಡೂ ಕೆಲಸ ಐತ್ರಿ ಆಕಿಗಿ."

ತ್ರಿವೇಣಿ ಹೆಸರು ನೋಂದಾಯಿಸಿದ್ದ ಜಾಲತಾಣವೇ ಅದು. ಅದರ ಬೆಳಗಾವಿ ಕಚೇರಿಯಲ್ಲಿ ಮ್ಯಾನೇಜರ್ ರೋಹನ ಕಂಪ್ಯೂಟರ್ ತೆರೆದು ತೋರಿಸಿದ. ತ್ರಿವೇಣಿಯ ಫೋಟೋ, ಓದು, ಗೊತ್ತಾದ ವರನ ಮನೆಯ ನಂಬರು; ಅದರ ಕೆಳಗೇ ಗುಳಿಗೆಯ ಆಪ್‌ನಿಂದ ಬಂದ ಸಾಲುಗಳು.

"ಇದು ನಿಮಗ್ಯಾಕ ಬೇಕು?"

"ವಿಮಾ ಮಾರಾಕ ಅನುಕೂಲ ರೀ. ಅವರೇ ಒಪ್ಪಿಗಿ ಕೊಟ್ಟಾರಲ್ರಿ ಸರ್."

"ಎದಕ್ಕ ಕೊಟ್ಟೇನಿ ಅಂತ ಆಕಿಗಿ ಗೊತ್ತಿತ್ತೇನು?"

"ಓದೂದು ಬಿಡೂದು ಅವರಿಗೆ ಬಿಟ್ಟದ್ದು ರೀ."

ತ್ರಿವೇಣಿಯ ಪುಟವನ್ನು ಫೆಬ್ರುವರಿ 11ರಂದು ತೆರೆದ ಸಿಬ್ಬಂದಿ ಒಬ್ಬಳೇ, ಸಾಕ್ಷಿ. ಅವಳು ತನ್ನ ಮೇಜಿನ ಬಳಿಯೇ ಇದ್ದಳು. ಚೀಲದಲ್ಲಿದ್ದ ಹಳೆಯ ಫೋನನ್ನು ಕೇಳುವ ಮೊದಲೇ ತೆಗೆದುಕೊಟ್ಟಳು. ಪಂಚರ ಎದುರು ಅದನ್ನು ಜಪ್ತಿ ಮಾಡಿದರು.

ಠಾಣೆಯಲ್ಲಿ ಸಂಜೆ 4.30ಕ್ಕೆ ವಿಚಾರಣೆ ಶುರುವಾಯಿತು.

"ರೊಕ್ಕ ಕೇಳಿದ್ದೇನು ಆ ಮಂದೀನ?"

"ಇಲ್ರಿ. ಒಂದು ಪೈಸಾನೂ ಕೇಳಿಲ್ಲ."

"ಮತ್ಯಾಕ?"

"ನಮ್ಮ ಅಕ್ಕಗ ಯಾರೂ ಹೇಳಲಿಲ್ರಿ. ಆಕಿ ಗಂಡಗ ಮೂರ್ಛಿ ಇದ್ದದ್ದು ಮುಚ್ಚಿಟ್ಟು ಮದಿವಿ ಮಾಡಿದ್ರು. ಮೂರು ತಿಂಗಳಿಗೆ ಚೋರ್ಲಾ ಘಾಟದಾಗ ಬೈಕ್ ಹೊಡಿಯೂ ಮುಂದ ಅವಂಗ ಮೂರ್ಛಿ ಬಂತು. ಅಕ್ಕ ಹಿಂದ ಕುಂತಿದ್ದಳು." ಸಾಕ್ಷಿ ಮುಂದುವರಿಸಿದಳು. "ಕಂಪ್ಯೂಟರಿನ್ಯಾಗ ಕಣ್ಣೆದುರಿಗೆ ಬರ್ತಿತ್ರಿ. ಗೊತ್ತಿದ್ದೂ ಸುಮ್ಮನಿರಾಕ ಆಗಲಿಲ್ಲ. ಮುಚ್ಚಿಟ್ಟವರದು ತಪ್ಪಲ್ಲೇನ್ರಿ?"

ಚನ್ನಬಸಯ್ಯ ಸೃಷ್ಟಿಯತ್ತ ನೋಡಿದರು. ಸೃಷ್ಟಿ ತ್ರಿವೇಣಿಯ ಫೋನಿನ ಸಂದೇಶಗಳ ಪ್ರತಿ ತೆಗೆದು ಜನವರಿ 19ರ ಹಾಳೆಯನ್ನು ಓದಿದಳು. ತ್ರಿವೇಣಿ ಬೀರೇಶನಿಗೆ ಎಲ್ಲವನ್ನೂ ಹೇಳಿದ್ದಳು. ಮೊದಲ ಸಲ ಶಾಲೆಯ ಅಂಗಳದಲ್ಲಿ ಬಿದ್ದದ್ದು, ವೈದ್ಯರು ಹೇಳಿದ್ದು, ಬೇಡವೆನಿಸಿದರೆ ಈಗಲೇ ಹೇಳೆಂದು ಕೇಳಿದ್ದು. ಬೀರೇಶ ಎರಡು ತಾಸು ಬಿಟ್ಟು ಬರೆದಿದ್ದ: "ದಿನಾ ಎಂಟಕ್ಕ ನೆನಪು ಮಾಡೂದು ಇನ್ನ ನನ್ನ ಕೆಲಸ. ಅಪ್ಪಗ ನಾನ ಹೇಳ್ತೇನಿ, ಸ್ವಲ್ಪ ದಿನ ತಡಿ."

ಸಾಕ್ಷಿ ಆ ಹಾಳೆಯನ್ನು ಕೈಗೆ ತೆಗೆದುಕೊಂಡಳು. ತಾರೀಖಿನ ಮೇಲೆ ಬೆರಳಿಟ್ಟಳು.

"ಅಷ್ಟರಾಗ ನಾ ಕಳಿಸಿದ್ನಿ," ಎಂದಳು.

6.15ಕ್ಕೆ, ಗ್ರಾಹಕರ ಖಾಸಗಿ ಮಾಹಿತಿ ಬಯಲು ಮಾಡಿದ್ದಕ್ಕೆ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 72ಎ ಕಲಮಿನಡಿ ಬಂಧನ ದಾಖಲಾಯಿತು. ಜಾಮೀನು ಸಿಗುವ ಅಪರಾಧ. ಎಂಟರೊಳಗೆ ಸಂಗವ್ವ ಬಂದು ಮಗಳನ್ನು ಕರೆದುಕೊಂಡು ಹೋದರು. ಕಂಪನಿಯ ವಕೀಲರು ಗ್ರಾಹಕಿಯ ಒಪ್ಪಿಗೆಯ ಪ್ರತಿ ಕಳಿಸಿದರು. ಸಾವಿಗೆ ಯಾರ ಮೇಲೂ ಕಲಂ ಹಚ್ಚಲು ಬರುತ್ತಿರಲಿಲ್ಲ.

ಮರುದಿನ ಚನ್ನಬಸಯ್ಯ ತಾವೇ ಸತ್ಯವ್ವನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದರು. ಸಾಕ್ಷಿಯ ಅಕ್ಕನ ಸಾವನ್ನೂ ಮುಚ್ಚಿಡಲಿಲ್ಲ. ಕೇಸಿನ ಹಾಳೆಯಲ್ಲಿ ಉದ್ದೇಶ ಎಂಬ ಜಾಗದಲ್ಲಿ ಅವರು ಬರೆದಿದ್ದು ಒಂದೇ ಸಾಲು: "ಇತರರನ್ನು ಕಾಪಾಡುತ್ತಿದ್ದೇನೆಂಬ ನಂಬಿಕೆ."

ಸತ್ಯವ್ವ ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ಕೇಳಿದರು:

"ಹುಡುಗಗ ಹೇಳಿದ್ದಳಂದ್ರಲ್ಲ ಸಾಹೇಬ್ರ. ಅವಂಗ ಹೇಳೇನಿ ಅನ್ನೂದನ್ನ ನನಗ ಯಾಕ ಹೇಳಲಿಲ್ಲ ಆಕಿ?"