ಅಪ್ಪ ಊದಬಾರದ ವಾರ

“ಅಪ್ಪಾ, ಊದಬೇಡ!”

ಮಗಳು ಕೂಗಿದ ರಭಸಕ್ಕೆ ಅಪ್ಪ ಬೆಚ್ಚಿಬಿದ್ದ. ಕಬ್ಬಿಣದ ಕೊಳವೆ ಇನ್ನೇನು ತುಟಿಗೆ ತಾಗಬೇಕು, ಅಷ್ಟರಲ್ಲಿ ಕೆಳಗಿಳಿಯಿತು. ಅದರ ಇನ್ನೊಂದು ತುದಿಯಲ್ಲಿ ಕರಗಿದ ಗಾಜು ಕೆಂಡದಂತೆ ಹೊಳೆಯುತ್ತಿತ್ತು.

“ಅಯ್ಯೋ, ಮರೆತೇ ಹೋಗಿತ್ತಲ್ಲೇ!” ಎಂದು ಅಪ್ಪ ಅರ್ಧ ಬಾಯಲ್ಲೇ ಹೇಳಿದ. ಇಪ್ಪತ್ತು ವರ್ಷದಿಂದ ಗಾಜು ಊದಿ ದೀಪದ ಬುರುಡೆ ಮಾಡುವವನು ಅವನು. ಕೊಳವೆ ಕೈಗೆ ಬಂದರೆ ಬಾಯಿಗೆ ಹೋಗಲೇಬೇಕು, ರೂಢಿ ಅಂದರೆ ಹಾಗೆ.

ಐದು ದಿನದ ಹಿಂದೆ ಅಪ್ಪನ ಬುದ್ಧಿಹಲ್ಲು ಕಿತ್ತಿದ್ದರು. ಐಸ್ ಇಡಿಸುವ ಕೆಲಸ ಐದನೇ ಕ್ಲಾಸಿನ ಮಗಳದು. ಬಟ್ಟೆಯಲ್ಲಿ ಸುತ್ತಿದ ಐಸನ್ನು ಇಪ್ಪತ್ತು ನಿಮಿಷ ಕೆನ್ನೆಗೆ ಇಡುವುದು, ಇಪ್ಪತ್ತು ನಿಮಿಷ ತೆಗೆಯುವುದು. ಟೈಮರ್ ಹಿಡಿದು ಕೂತ ಅವಳು ಒಂದು ಸೆಕೆಂಡೂ ಆಚೀಚೆ ಆಗಲು ಬಿಡಲಿಲ್ಲ. ಅಪ್ಪ ಅವಳಿಗೆ ‘ಗಡಿಯಾರಮ್ಮ’ ಎಂದು ಹೆಸರಿಟ್ಟ. ನೋವಲ್ಲೂ ತಮಾಷೆ ಬಿಡದ ಆಸಾಮಿ!

ಆದರೆ ಎರಡನೆಯ ದಿನ ಕೆನ್ನೆ ಇನ್ನೂ ದಪ್ಪವಾಯಿತು. ತನ್ನಿಂದಲೇ ಏನೋ ಎಡವಟ್ಟಾಯಿತೆಂದು ಗಡಿಯಾರಮ್ಮ ಬಿಕ್ಕಿಬಿಕ್ಕಿ ಅತ್ತಳು. ಹಲ್ಲಿನ ಡಾಕ್ಟರು ಫೋನಿನಲ್ಲಿ ನಕ್ಕರು.

“ನೀನು ಸರಿಯಾಗೇ ಮಾಡಿದ್ದೀಯ ಪುಟ್ಟಾ. ಎರಡು ಮೂರು ದಿನ ಊತ ಏರುತ್ತೆ, ಆಮೇಲೆ ತಾನಾಗೇ ಇಳಿಯುತ್ತೆ. ನಾಳೆಯಿಂದ ಐಸ್ ಸಾಕು, ಬೆಚ್ಚಗಿನ ಒದ್ದೆ ಬಟ್ಟೆ ಇಡು. ಆದ್ರೆ ಒಂದು ವಾರ ಸ್ಟ್ರಾದಲ್ಲಿ ಹೀರಬಾರ್ದು, ಊದೋದಂತೂ ಬೇಡವೇ ಬೇಡ. ಹಲ್ಲಿದ್ದ ಗುಳೀಲಿ ರಕ್ತ ಹೆಪ್ಪುಗಟ್ಟಿ ಕೂತಿದೆ. ಗಾಯಕ್ಕೆ ಅದೇ ಬ್ಯಾಂಡೇಜು. ಅದು ಕಿತ್ತು ಬಂದ್ರೆ ಅಪ್ಪನಿಗೆ ತಡೆಯೋಕಾಗದಷ್ಟು ನೋವಾಗುತ್ತೆ.”

ಈಗ ಊತವೇನೋ ಇಳಿದಿತ್ತು. ಆದರೆ ನಾಳೆ ತೆರೆಯುವ ಹೊಸ ಲೈಬ್ರರಿಗೆ ಇನ್ನೊಂದು ಬುರುಡೆ ಬಾಕಿಯಿತ್ತು.

“ಹಾಗಾದ್ರೆ ಊದೋರು ಯಾರು?” ಎಂದ ಅಪ್ಪ, ಅವಳನ್ನೇ ನೋಡಿದ. “ನೀನೇ ಬಾರೇ. ನಾನು ತಿರುಗಿಸ್ತೀನಿ.”

“ನಾನಾ?”

“ಹೂಂ. ಮೆತ್ತಗೆ, ಬಿಸಿ ಹಾಲು ಆರಿಸೋ ಹಾಗೆ.”

ಅಪ್ಪ ಬೆಂಚಿನ ಮೇಲೆ ಕೂತು ಕೊಳವೆ ಉರುಳಿಸತೊಡಗಿದ. ಅವಳು ಮಂಡಿಯೂರಿ, ತಣ್ಣಗಿದ್ದ ತುದಿಗೆ ಬಾಯಿಟ್ಟು ಊದಿದಳು. ಏನೂ ಆಗಲಿಲ್ಲ. ಮತ್ತೆ ಊದಿದಳು. ಆ ಕೆಂಪು ಮುದ್ದೆಯೊಳಗೆ ಒಂದು ಗುಳ್ಳೆ ಎದ್ದಿತು. ನಿಂಬೆಹಣ್ಣಿನಷ್ಟಾಯಿತು, ಕಿತ್ತಳೆಯಷ್ಟಾಯಿತು, ಚೆಂಡಿನಷ್ಟಾಯಿತು!

“ಸಾಕು, ಸಾಕು!” ಎಂದ ಅಪ್ಪ.

ಅವಳ ಮೈ ಜುಮ್ಮೆಂದಿತು. ಕಣ್ಣಿಗೇ ಕಾಣದ ಉಸಿರಿಗೆ ಇಷ್ಟೊಂದು ಬಲವೇ? ಬೆರಗಿನಿಂದ ಅವಳ ಬಾಯಿ ತೆರೆದೇ ಇತ್ತು.

ಬುರುಡೆ ಒಡೆಯದೆ ನಿಧಾನವಾಗಿ ಆರಲೆಂದು ಅದನ್ನು ಬೆಚ್ಚಗಿನ ಗೂಡಿನಲ್ಲಿಟ್ಟ ಮೇಲೆ ಅಪ್ಪ, “ಗಾಯ ನೋಡ್ತೀಯಾ?” ಎಂದು ಬಾಯಿ ಅಗಲಿಸಿದ.

ಅವಳು ಟಾರ್ಚ್ ಹಿಡಿದು ಬಗ್ಗಿದಳು. ಒಳಗೆ, ಸಾಲಿನ ಕೊನೆಯಲ್ಲಿ ಒಂದು ಗುಳಿ. ಅದರಲ್ಲಿ ಬಟಾಣಿಯಷ್ಟೂ ಇಲ್ಲದ ಕಡುಗೆಂಪು ಹೆಪ್ಪು ಅಲ್ಲಾಡದೆ ಕೂತಿತ್ತು. ಇಷ್ಟು ಚಿಕ್ಕದು ಐದು ದಿನದಿಂದ ಅಪ್ಪನನ್ನು ಕಾಪಾಡುತ್ತಿದೆ!

“ಕಾಣ್ತಾ?” ಎಂದು ಅಪ್ಪ ತೆರೆದ ಬಾಯಲ್ಲೇ ಗೊಣಗಿದ.

ತನ್ನ ಉಸಿರು ತಾಗಿ ಅದೆಲ್ಲಿ ಅಲ್ಲಾಡೀತೋ ಎಂದು ಅವಳು ಉಸಿರು ಬಿಗಿಹಿಡಿದು ತಲೆಯಾಡಿಸಿದಳು. ಮುಖ ಆಚೆ ತಿರುಗಿಸಿದ ಮೇಲೆಯೇ, ಮೆಲ್ಲಗೆ ಉಸಿರು ಬಿಟ್ಟಳು.